ಆರನೆಯ ಸಿಲಿಂಡರಿನ ನೀರು

ಹಣಮಂತ್ರಾಯಣ್ಣನ ಕೈ ನಡುಗಲು ಶುರುವಾಗಿ ಒಂದು ವರ್ಷವಾಗಿತ್ತು. ಉಲ್ಹಾಸನಗರದ ನಮ್ಮ ಶೆಡ್ಡಿನಲ್ಲಿ ಅವನು ಇಂಜಿನ್ ಕಟ್ಟುವವನು, ನಾನು ಲೇತ್ ಮೇಲೆ ಭಾಗಗಳನ್ನು ಕಡೆಯುವವನು. ಇಪ್ಪತ್ತು ವರ್ಷದ ಜೊತೆ. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಚಹಾದ ಗ್ಲಾಸು ಹಿಡಿಯಲಾರದವನ ಕೈಗೆ ಗಾಡಿ ಯಾರು ಕೊಡುತ್ತಾರೆ?

ಕೊಟ್ಟವನು ಒಬ್ಬನೇ, ಮಾಜಿವಾಡಾದ ಹೃಷಿಕೇಶ್. ಮೂಲ ಬೆಂಗಳೂರಿನವನು, ಇಲ್ಲಿ ಕಂಪ್ಯೂಟರ್ ಕೆಲಸ, ತಲೆತುಂಬ ಡ್ರ್ಯಾಗ್ ರೇಸಿನ ಹುಚ್ಚು: ನೇರ ರಸ್ತೆಯಲ್ಲಿ ನಾನೂರು ಮೀಟರ್, ಮೊದಲು ಮುಟ್ಟಿದವನು ಗೆದ್ದ. ಆಸೆ ಬೆಟ್ಟದಷ್ಟು, ಬಜೆಟ್ ಸಾಸಿವೆಯಷ್ಟು.

"ಸಾಲಾಗಿ ಆರು ಸಿಲಿಂಡರ್ ಇರೋ ಇಂಜಿನ್ನೇ ಬೇಕು ಹಣಮಂತ್ರಾಯರೇ. ಅದರ ಸೌಂಡೇ ಬೇರೆ," ಎಂದ.

ಅಣ್ಣ ಒಪ್ಪಿಕೊಂಡ. ಆಮೇಲೆ ನನಗೊಬ್ಬನಿಗೇ ಹೇಳಿದ: "ಭುಜಂಗಾ, ಈ ಇಂಜಿನ್ ಓಡ್ತಂದ್ರ ನನ್ನ ಕೈಯಾಗ ಇನ್ನಾ ಜೀವ ಅದ ಅಂತ ತಿಳಕೋತೀನಿ. ಇಲ್ಲಾಂದ್ರ ಮತ್ತ ಪಾನಾ ಮುಟ್ಟಂಗಿಲ್ಲ."

ಗುಜರಿಯಲ್ಲಿ ಸೇನೆಯ ಹಳೆಯ ಜೀಪಿನ ಇಂಜಿನ್ ಸಿಕ್ಕಿತು. ಅಂಥದ್ದು ಈಗ ತಯಾರಾಗುವುದಿಲ್ಲ, ಒಡೆದರೆ ಇನ್ನೊಂದಿಲ್ಲ. ಲಾರಿಯ ಪಿಸ್ಟನ್‌ಗಳನ್ನು ನಾನು ಕಡೆದು ಅಳತೆಗೆ ತಂದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಸಿಲಿಂಡರಿಗೆ ಕಳಿಸುವ, ಹಳೆಯ ಕಾರುಗಳ ಮೂರು ಕಾರ್ಬ್ಯುರೇಟರ್‌ಗಳನ್ನು ನೆತ್ತಿಯ ಮೇಲೆ ಕೂರಿಸಿದೆವು. ಒಂದೊಂದು ಬೋಲ್ಟನ್ನು ಪಾನಾ ಹಾಕಿ ಬಿಗಿಯುವಾಗಲೂ ಅಣ್ಣ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿಯುತ್ತಿದ್ದ. ನೆರವಿಗೆ ಹೋದರೆ ಕೆಂಡವಾಗುತ್ತಿದ್ದ. ನಾಲ್ಕು ತಿಂಗಳು ನಾನು ಲೇತ್ ಕಡೆಗೇ ಮುಖ ಮಾಡಿಕೊಂಡು ಕೆಲಸ ಮಾಡಿದೆ.

ಚಾಲೂ ಮಾಡುವ ದಿನ ಕಾಯಿ ಒಡೆಯುವ ಕೆಲಸ ನನ್ನದು. ನಮ್ಮ ಶೆಡ್ಡಿನ ಪದ್ಧತಿ ಅದು: ಇಂಜಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ನೆತ್ತಿಗೆ ಸುರಿಯಬೇಕು. ಲಾರಿ ಇಂಜಿನ್ನಿಗಾದರೆ ಫಿಲ್ಟರಿನ ಮುಚ್ಚಳ ಇರುತ್ತದೆ. ರೇಸಿನದಕ್ಕೆ ಗಾಳಿ ಹೆಚ್ಚು ಬೇಕೆಂದು ಕಾರ್ಬ್ಯುರೇಟರ್‌ಗಳ ಬಾಯಿಯನ್ನು ತೆರೆದೇ ಬಿಟ್ಟಿದ್ದೆವು. ಅಣ್ಣನೂ ಹೃಷಿಕೇಶನೂ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು. ಇಪ್ಪತ್ತು ವರ್ಷದ ರೂಢಿಯ ನನ್ನ ಕೈ ಸುರಿದೇಬಿಟ್ಟಿತು. ಕೊನೆಯ ಬಾಯಿಯೊಳಗೆ ನೀರು ಗಳಗಳ ಇಳಿದದ್ದು ಕಂಡಿತು. ಪೂಜೆಯ ನೀರು, ಏನಾದೀತು ಎಂದುಕೊಂಡೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಅಣ್ಣ ಕೀಲಿ ತಿರುಗಿಸಿದ. ಇಂಜಿನ್ ಗುಡುಗಿತು. ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಫಟ್ ಎಂದು ಒಳಗೇನೋ ಮುರಿದು, ಬ್ಲಾಕಿನ ಪಕ್ಕೆ ಸೀಳಿ, ಎಣ್ಣೆ ನೆಲಕ್ಕೆ ಸುರಿಯಿತು.

"ಇರ್ಲಿ ಬಿಡಿ," ಎಂದು ಹೃಷಿಕೇಶ್ ತಲೆತಗ್ಗಿಸಿ ಹೊರಟುಹೋದ.

"ಬೋಲ್ಟ್ ಹೆಂಗ ಬಿಗಿದೀನೋ ನನಗೇ ಗೊತ್ತಿಲ್ಲ," ಎಂದ ಅಣ್ಣ. ಹೊರಗೆ ಹೋಗಿ ಟೈರಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡತೊಡಗಿದ.

ನಾನು ಆರನೆಯ ಸಿಲಿಂಡರಿನ ಪ್ಲಗ್ ಬಿಚ್ಚಿದೆ. ಒಳಗೆ ನೀರು. ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಪೆಟ್ರೋಲಿನ ಘಾಟಿನ ಅಡಿಯಲ್ಲಿ ಕಾಯಿನೀರಿನ ಸಿಹಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಅದಕ್ಕೆ ಬಡಿದೇ, ಪಿಸ್ಟನ್ನನ್ನು ಹಿಡಿದ ರಾಡ್ ಮುರಿದು ಬ್ಲಾಕನ್ನು ಸೀಳಿತ್ತು. ಅಣ್ಣನ ಕೈಯದೇನೂ ತಪ್ಪಿರಲಿಲ್ಲ.

ಕರೆದು ತೋರಿಸಬೇಕಿತ್ತು. ನಾನು ಹೇಡಿ. ಬಟ್ಟೆ ತುರುಕಿ ಒರೆಸಿಬಿಟ್ಟೆ. ಮೂರನೆಯ ದಿನ ಗುಜರಿಯವನು ಬಂದು ಇಂಜಿನ್ ಹೊತ್ತುಕೊಂಡು ಹೋದ.

ಮುಂದಿನ ವಾರ ಅಣ್ಣ ತನ್ನ ಪಾನಾಗಳನ್ನೆಲ್ಲ ತೊಳೆದು ತಂದು ನನ್ನ ಲೇತ್ ಪಕ್ಕದಲ್ಲಿ ಇಟ್ಟ. "ನೀನೇ ಇಟ್ಕೋ," ಎಂದ.

ನನಗೆ ತಡೆಯಲಾಗಲಿಲ್ಲ. ಅವನ ಕಾಲು ಹಿಡಿದು ಅತ್ತೆ. ಕಾಯಿ, ನೀರು, ತೆರೆದ ಬಾಯಿ, ಒರೆಸಿದ್ದು, ಎಲ್ಲ ಹೇಳಿದೆ. ಮೊಳೆಗೆ ನೇತುಹಾಕಿದ್ದ ಆ ಬಟ್ಟೆಯನ್ನೂ ತಂದು ತೋರಿಸಿದೆ. ಅದು ಒಣಗಿ ಎಷ್ಟೋ ದಿನವಾಗಿತ್ತು; ಎಣ್ಣೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಅವನು ಸಿಟ್ಟಾಗಲಿಲ್ಲ. ಕಪಾಳಕ್ಕೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಡುಗುವ ಕೈಯನ್ನು ನನ್ನ ತಲೆಯ ಮೇಲಿಟ್ಟು ನಕ್ಕ.

"ನನ್ನ ಸಮಾಧಾನಕ್ಕ ದೇವರ ಕಾಯಿ ಮ್ಯಾಲ ತಪ್ಪ ಹಾಕ್ತೀಯೇನೋ ಹುಚ್ಚಾ? ನೀರಿದ್ರ ನೀ ಅವತ್ತೇ ನನಗ ಕರದು ತೋರಸ್ತಿದ್ದಿ."