ರೆಕ್ಕೆ ಹರಿದ ಗಂಡು

ಹೊಟ್ಟೆಕಿಚ್ಚು ನೀರಿಗೆ ಆರುವಂಥದ್ದಲ್ಲ. ಹಿರಿಸೊಸೆ ದಿನವಿಡೀ ಮೊಣಕಾಲುದ್ದ ನೀರಿನಲ್ಲೇ ನಿಂತಿರುತ್ತಿದ್ದಳು, ಒಳಗೆ ಮಾತ್ರ ಧಗಧಗ. ಮದುವೆಯಾಗಿ ಬಂದಾಗಿನಿಂದ ಮನೆಯ ಮೀನುಮರಿ ಕೇಂದ್ರಕ್ಕಾಗಿ ಮೈಮುರಿದು ದುಡಿದವಳು ಅವಳು. ಈಗ ನಿನ್ನೆ ಮೊನ್ನೆ ಬಂದ ಕಿರಿಸೊಸೆಯನ್ನು ಮಾವ ‘ನಮ್ಮ ವಿಜ್ಞಾನಿ’ ಅಂತ ಕರೆಯುತ್ತಿದ್ದರು.

ಅವರು ಸಾಕುವುದು ತಿಲಾಪಿಯಾ ಮೀನು. ಅದರಲ್ಲಿ ಗಂಡು ಬೇಗ ಬೆಳೆಯುತ್ತದೆ. ಹೆಣ್ಣು ಬೆರೆತರೆ ಕೊಳದ ತುಂಬ ಮರಿಯೋ ಮರಿ, ಒಂದೂ ತೂಕಕ್ಕೆ ಬಾರದು. ಅದಕ್ಕೇ, ಮಾಮೂಲಿ ಗಂಡಿನಂತೆ ಒಂದು ಎಕ್ಸ್ ಒಂದು ವೈ ಅಲ್ಲದೆ, ಎರಡೂ ವೈ ಕ್ರೋಮೋಸೋಮ್ ಇರುವ ಗಂಡಿಗಾಗಿ ಹುಡುಕಾಟ. ಅಂಥ ಅಪ್ಪನಿಗೆ ಹುಟ್ಟುವುದೆಲ್ಲ ಗಂಡೇ. ಆದರೆ ಕಣ್ಣಿಗೆ ಎಲ್ಲ ಗಂಡೂ ಒಂದೇ, ಮರಿ ಮಾಡಿಸಿಯೇ ತಿಳಿಯಬೇಕು. ಮಾವ ಸೊಸೆಯರಿಗೆ ಒಂದೊಂದು ಗಂಡು ಕೊಟ್ಟು, “ಯಾರ ತೊಟ್ಟೀಲಿ ಬರೀ ಗಂಡು ಹುಟ್ಟುತ್ತೋ, ತಳಿ ವಿಭಾಗ ಅವರದ್ದು,” ಅಂದರು.

“ಒಳ್ಳೇದನ್ನ ಅವಳಿಗೇ ಕೊಟ್ಟಿರ್ತಾರೆ, ನಂಗೊತ್ತಿಲ್ವಾ?” ಅಂತ ಹಿರಿಸೊಸೆ ಹಲ್ಲು ಕಡಿದಳು. ತನ್ನ ಗಂಡಿನ ಮೇಲ್ರೆಕ್ಕೆ ಬೇರೆ ಹರಿದಿತ್ತು. ಆದರೂ ಕೆಲವು ದಿನ ಅಕ್ಕರೆಯಿಂದಲೇ ಮೇವು ಹಾಕಿದಳು. ಹೆಣ್ಣುಗಳನ್ನು ಬಿಡುವ ಹಿಂದಿನ ದಿನ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಕೈಬಲೆ ಹಿಡಿದು ಎರಡೂ ಗಂಡುಗಳನ್ನು ಅದಲುಬದಲು ಮಾಡಿಬಿಟ್ಟಳು. ತೊಟ್ಟಿಯ ಮೀನು ಕಚ್ಚಾಡಿ ರೆಕ್ಕೆ ಹರಿದುಕೊಳ್ಳುವುದು ಮಾಮೂಲು, ಯಾರೂ ಅನುಮಾನಿಸಲಿಲ್ಲ.

ಮರಿಗಳು ಬೆರಳುದ್ದವಾದವು. ಒಂದಷ್ಟನ್ನು ಕೊಯ್ದು ಮಾವ ಸೂಕ್ಷ್ಮದರ್ಶಕದ ಮುಂದೆ ಕೂತರು. ಹಿರಿಸೊಸೆಯ ತೊಟ್ಟಿಯವು ಗಂಡು, ಹೆಣ್ಣು, ಹೆಣ್ಣು, ಗಂಡು. ಕಿರಿಸೊಸೆಯವು ಗಂಡು, ಗಂಡು, ಗಂಡು. ಎಷ್ಟು ಕೊಯ್ದರೂ ಗಂಡು.

“ಗೆದ್ದೆ ಕಣಮ್ಮಾ!” ಅಂತ ಮಾವ ಕಿರಿಸೊಸೆಗೆ ಹೇಳುತ್ತ ಎದ್ದು ನಿಂತರು.

‘ಅದು ನನ್ನ ಮೀನು’ ಎಂದು ಕೂಗಬೇಕೆನ್ನಿಸಿತು ಹಿರಿಸೊಸೆಗೆ. ಕೂಗಿದರೆ ಅದು ಆ ತೊಟ್ಟಿಗೆ ಹೇಗೆ ಹೋಯಿತೆಂದು ಹೇಳಬೇಕು. ತಾನೇ ತೋಡಿದ ಗುಂಡಿ, ಯಾರನ್ನು ಬೈಯುವುದು?

“ಅಕ್ಕ, ಹೊಸ ತೊಟ್ಟಿಗೆ ಬಿಡೋಕೆ ಈ ಗಂಡನ್ನ ನೀವೇ ಹಿಡ್ಕೊಡಿ. ನಿಮ್ಮಷ್ಟು ರೂಢಿ ನಂಗಿಲ್ಲ,” ಅಂದಳು ಕಿರಿಸೊಸೆ.

ಹಿರಿಸೊಸೆ ಒದ್ದೆ ಬಟ್ಟೆಯಲ್ಲಿ ಮೀನನ್ನು ಎತ್ತಿಕೊಂಡಳು. ಮೈ ತುಂಬಿಕೊಂಡಿತ್ತು. ಹೊಸ ನೀರಿಗೆ ಇಳಿಸುತ್ತ ಬಾಯಿ ತಪ್ಪಿ ಹೇಳಿದಳು: “ಇದು ಬೆಳಿಗ್ಗೆ ಮೇವು ಮುಟ್ಟಲ್ಲ. ಸಂಜೆ ಸ್ವಲ್ಪ ಜಾಸ್ತಿ ಹಾಕು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಿರಿಸೊಸೆ ಹರಿದ ರೆಕ್ಕೆಯನ್ನೊಮ್ಮೆ, ಓರಗಿತ್ತಿಯ ಮುಖವನ್ನೊಮ್ಮೆ ನೋಡಿದಳು. ಮಾವ ಇನ್ನೂ ಪಕ್ಕದಲ್ಲೇ ನಗುತ್ತ ನಿಂತಿದ್ದರು.

“ಹಾಗೇ ಹಾಕ್ತೀನಿ ಅಕ್ಕ,” ಅಂದಳು, ಮೆಲ್ಲಗೆ.