ಕೊಳವೆಯ ಒರಟುತನ

ಐನ್ ಸುಮ್ರಾದ ನೀರಿನ ಕಚೇರಿಗೆ ಡಾಕ್ಟರ್ ನವ್ವಾಫ್ ಕಾಲಿಟ್ಟ ದಿನವೇ ವಿಜ್ದಾನ್‌ಗೆ ಅವನನ್ನು ಕಂಡರೆ ತಾತ್ಸಾರ ಹುಟ್ಟಿತು. ರಾಜಧಾನಿ ಅಮ್ಮಾನಿನಿಂದ ಕಾರಿನಲ್ಲಿ ಬರುತ್ತಿದ್ದ, ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ, ಯಾರೋ ತರಿಸಿಕೊಟ್ಟ ಮನ್ಸಫ್ ಎಂಬ ಮಾಂಸದೂಟವನ್ನು ಚೆನ್ನಾಗಿ ಬಾರಿಸಿ ಹೊರಟುಬಿಡುತ್ತಿದ್ದ. ಊರಿನ ನೀರಿನ ಜಾಲದ ಮಾದರಿಯನ್ನು ಕಂಪ್ಯೂಟರಿನೊಳಗೆ ಕಟ್ಟಿಕೊಡುವುದು ಅವನ ಗುತ್ತಿಗೆ. ವಿಜ್ದಾನ್ ಆ ಕಚೇರಿಯ ಇಂಜಿನಿಯರ್. ಬೀದಿಬೀದಿಗೆ ಹೋಗಿ ನೀರಿನ ಒತ್ತಡ ಅಳೆದು ತರುವುದು ಅವಳ ಪಾಲು. ಕಂಪ್ಯೂಟರು ಹೇಳುವ ಒತ್ತಡಕ್ಕೂ ಬೀದಿಯಲ್ಲಿ ಸಿಕ್ಕ ಒತ್ತಡಕ್ಕೂ ತಾಳೆಯಾದರೆ ಮಾತ್ರ ಆ ಮಾದರಿಯನ್ನು ನಂಬಬಹುದು. ಇಲ್ಲದಿದ್ದರೆ ಅದೊಂದು ಬಣ್ಣದ ಚಿತ್ರ.

ಪೂರ್ವದ ಗುಡ್ಡವೊಂದನ್ನು ಬಿಟ್ಟು ಉಳಿದೆಡೆ ತಾಳೆಯಾಯಿತು. ಲೆಕ್ಕದ ಪ್ರಕಾರ ಅಲ್ಲಿ ನೀರು ಮೂರನೇ ಮಹಡಿಯ ತೊಟ್ಟಿಗೂ ತಾನಾಗಿ ಏರಬೇಕು. ನಿಜದಲ್ಲಿ ವಾರಕ್ಕೊಮ್ಮೆ ಸರದಿ ಬಂದಾಗಲೂ ಅಂಗಳದ ನಲ್ಲಿ ಕೆಮ್ಮುತ್ತಿತ್ತು, ಅಷ್ಟೆ. ಮತ್ತೊಮ್ಮೆ ಅಳೆಯಲು ಹೋದ ವಿಜ್ದಾನ್‌ಗೆ ಆ ಬೀದಿಯ ಉಮ್ ತೈಸೀರ್ ಸೇಜ್ ಸೊಪ್ಪಿನ ಚಹಾ ಕೊಟ್ಟಳು. ಕೊಡುತ್ತಲೇ ಮಾತಿನಲ್ಲಿ ಚುಚ್ಚಿದಳು:

"ನಿಮ್ಮ ಕಂಪ್ಯೂಟರ್‌ನಲ್ಲಿ ನಮ್ಮನೆಗೆ ನೀರು ಬಂದಿದೆಯಂತಲ್ಲ ಇಂಜಿನಿಯರಮ್ಮ. ನಾಳೆಯಿಂದ ಪಾತ್ರೆ ಅಲ್ಲಿಗೇ ತರ್ಲಾ?"

ವಿಜ್ದಾನ್ ಚಹಾದ ಜೊತೆ ಅದನ್ನೂ ನುಂಗಿಕೊಂಡಳು.

ಅವಳು ಕಚೇರಿಗೆ ಮರಳುವಷ್ಟರಲ್ಲಿ ನವ್ವಾಫ್ ಎಲ್ಲವನ್ನೂ ಸರಿಮಾಡಿ ಕೂತಿದ್ದ. ಪರದೆಯ ಮೇಲೆ ಲೆಕ್ಕದ ಗೆರೆ ಅಳತೆಯ ಗೆರೆಗೆ ಅಂಟಿಕೊಂಡಿತ್ತು. ಮಾಡಿದ್ದಿಷ್ಟೇ: ಗುಡ್ಡಕ್ಕೆ ಹೋಗುವ ದೊಡ್ಡ ಕೊಳವೆಯ ಒಳಮೈ ಒರಟಾಗಿದೆ ಎಂದು ಬರೆದಿದ್ದ. ಒಳಮೈ ಒರಟಾದಷ್ಟೂ ನೀರು ಹರಿಯುತ್ತ ಹರಿಯುತ್ತ ಬಲ ಕಳೆದುಕೊಳ್ಳುತ್ತದೆ. ಗೆರೆ ಕೂಡುವ ತನಕ ಒರಟುತನ ಏರಿಸುತ್ತ ಹೋಗಿದ್ದ. ಅದು ಮೊನ್ನೆ ಮೊನ್ನೆ ಹಾಕಿದ ಪ್ಲಾಸ್ಟಿಕ್ ಕೊಳವೆ, ಒಳಗೆ ಗಾಜಿನಷ್ಟು ನುಣುಪು. ಅವನ ಅಂಕಿಯನ್ನು ನಂಬಿದರೆ ಅದರೊಳಗೆ ಯಾರೋ ಜಲ್ಲಿ ತುಂಬಿರಬೇಕಿತ್ತು.

ವಿಜ್ದಾನ್ ಇದನ್ನು ಹೇಳಿದಳು. ಅವನು ಕುನಾಫ ಎಂಬ ಸಿಹಿತಿಂಡಿಯ ತಟ್ಟೆಯನ್ನು ಅವಳತ್ತ ಸರಿಸಿದ.

"ತಂಗೀ, ಗೆರೆ ಕೂಡಿತು, ಕೆಲಸ ಮುಗೀತು. ನೆಲದೊಳಗೆ ಇಣುಕಿ ನೋಡ್ತಾರಾ ಯಾರಾದ್ರೂ?"

ಅವಳು ಕುನಾಫವನ್ನು ಮುಟ್ಟಲಿಲ್ಲ. ಇಂಥವನ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸಿದ ವಿಶ್ವವಿದ್ಯಾಲಯದ ಮೇಲೂ ಅವಳಿಗೆ ಹೇಸಿಗೆಯಾಯಿತು.

ಮುಂದಿನ ಸರದಿಯ ದಿನ ಅವಳೇ ಒತ್ತಡ ಅಳೆಯುವ ಗೇಜುಗಳನ್ನು ಹೊತ್ತು, ಆ ಕೊಳವೆಯ ಉದ್ದಕ್ಕೂ ಇದ್ದ ಅಗ್ನಿಶಾಮಕ ನಲ್ಲಿಗಳಿಗೆ ಒಂದೊಂದಾಗಿ ಕಟ್ಟುತ್ತ ಏರು ಹತ್ತಿದಳು. ಒರಟು ಕೊಳವೆಯಾಗಿದ್ದರೆ ಒತ್ತಡ ಮೆಲ್ಲಗೆ ಕರಗುತ್ತ ಹೋಗಬೇಕು. ಆದರೆ ಹೆಣ್ಣುಮಕ್ಕಳ ಶಾಲೆಯ ಗೇಟಿನವರೆಗೂ ಅದು ಗಟ್ಟಿಯಾಗಿತ್ತು. ಶಾಲೆ ದಾಟಿದ ಮೇಲಿನ ನಲ್ಲಿಯಲ್ಲಿ ಬಾವಿಗೆ ಬಿದ್ದಂತೆ ಕುಸಿದಿತ್ತು. ಆ ಎರಡು ನಲ್ಲಿಗಳ ನಡುವೆ ಹೊಸ ಡಾಂಬರು. ಅದರಡಿ ಅರೆಬರೆ ಮುಚ್ಚಿದ ವಾಲ್ವ್ ಇದೆ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ.

ಕಚೇರಿಯ ನಿರ್ದೇಶಕರು ಅಗೆಯಲು ಬಿಡಲಿಲ್ಲ. ಮೇಯರ್ ಈಗಷ್ಟೇ ರಿಬ್ಬನ್ ಕತ್ತರಿಸಿದ ರಸ್ತೆ ಅದು, ಮೇಲಾಗಿ ಡಾಕ್ಟರ್ ಲೆಕ್ಕ ಮುಗಿಸಿದ್ದಾರೆ ಎಂದರು. ವಿಜ್ದಾನ್ ವಾದ ಮಾಡಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟಳು: ಈ ಕೆಲಸಕ್ಕೆ ಹಣ ಕೊಟ್ಟ ಸಂಸ್ಥೆಯವರು ಮಾದರಿಯನ್ನು ನೋಡಲು ಬರುವ ದಿನ ಗುಡ್ಡಕ್ಕೆ ನೀರು ಬಿಟ್ಟು, ಶಾಲೆಯ ಗೇಟಿನ ಬಳಿಯ ಅಗ್ನಿಶಾಮಕ ನಲ್ಲಿ ತೆರೆಯೋಣ, ಅಲ್ಲಿ ಏನಾಗುತ್ತದೆಂದು ಡಾಕ್ಟರರೇ ಮೊದಲು ಹೇಳಲಿ. ಜನರ ಮುಂದೆ ಭವಿಷ್ಯ ನುಡಿಯುವ ಆಸೆಗೆ ನವ್ವಾಫ್ ಕೂಡಲೇ ಒಪ್ಪಿದ.

ಅವತ್ತು ಕೋಟು ಟೈ ಹಾಕಿಕೊಂಡು ಬಂದಿದ್ದ. ಕೊಳವೆಯ ಒರಟುತನದಿಂದಾಗಿ ಅರ್ಧ ದಾರಿಯಲ್ಲೇ ನೀರು ಸೋತಿರುತ್ತದೆ, ಇಲ್ಲಿ ಸಣ್ಣ ಧಾರೆ ಬರುತ್ತದೆ ಎಂದು ಅತಿಥಿಗಳಿಗೆ ವಿವರಿಸಿದ. ವಿವರಿಸುತ್ತ ನಲ್ಲಿಯ ಬಾಯಿಗೆ ನೇರ ಎದುರಾಗಿ ನಿಂತ.

"ಡಾಕ್ಟ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದಳು ವಿಜ್ದಾನ್.

"ನಿನಗೆ ನನ್ನ ಲೆಕ್ಕದ ಮೇಲೆ ನಂಬಿಕೆ ಇಲ್ಲ, ಅದೇ ನಿನ್ನ ರೋಗ" ಎಂದ ಅವನು.

ಅವಳು ಇನ್ನೊಮ್ಮೆ ಹೇಳುವ ಗೋಜಿಗೆ ಹೋಗಲಿಲ್ಲ. ಕೀಲಿ ತಿರುಗಿಸಿದಳು. ನೀರು ಅವನ ಎದೆಗೆ ಗುದ್ದಿ ಚರಂಡಿಯವರೆಗೆ ತಳ್ಳಿಕೊಂಡು ಹೋಯಿತು. ಕನ್ನಡಕ ಎಲ್ಲೋ ಹಾರಿತು, ಅತಿಥಿಗಳು ಕಾಗದಗಳನ್ನು ತಲೆಗೆ ಹಿಡಿದು ಓಡಿದರು, ಶಾಲೆಯ ಕಿಟಕಿಗಳಲ್ಲಿ ನಗು ತುಂಬಿತು. ನಗದೆ ನಿಂತವಳು ವಿಜ್ದಾನ್ ಒಬ್ಬಳೇ. ಗೇಜಿನ ಮುಳ್ಳು ಎಲ್ಲಿದೆಯೆಂದು ನಿರ್ದೇಶಕರಿಗೆ ತೋರಿಸುತ್ತಿದ್ದಳು.

ಆಮೇಲೆ ಅಗೆಯಲು ಯಾರ ತಕರಾರೂ ಇರಲಿಲ್ಲ. ಕೊಳವೆ ಹಾಕಿದ ಗುತ್ತಿಗೆದಾರ ಪರೀಕ್ಷೆಗೆಂದು ಮುಚ್ಚಿದ ವಾಲ್ವನ್ನು ಮತ್ತೆ ಪೂರ್ತಿ ತೆರೆಯಲು ಮರೆತಿದ್ದ. ರಸ್ತೆಯವರು ಅದರ ಮುಚ್ಚಳದ ಮೇಲೆಯೇ ಡಾಂಬರು ಎಳೆದಿದ್ದರು. ತೆರೆದ ದಿನ ಗುಡ್ಡದ ತೊಟ್ಟಿಗಳು ತುಂಬಿ ಚೆಲ್ಲಿದವು. ಉಮ್ ತೈಸೀರ್ ಕಂಬಳಿಗಳನ್ನೆಲ್ಲ ತೊಳೆದು ಗೋಡೆಯ ಮೇಲೆ ಹರವಿದಳು. ಹಾಗೆಂದು ಯಾರನ್ನೂ ಹೊಗಳಲಿಲ್ಲ. ಒಂದು ನಲ್ಲಿ ತಿರುಗಿಸೋದಕ್ಕೆ ಇಷ್ಟು ಜನ ಓದಬೇಕಾಯ್ತಾ ಎಂದು ಬೀದಿಗೆಲ್ಲ ಕೇಳುವಂತೆ ಅಂದಳು. ವಿಜ್ದಾನ್‌ಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನವ್ವಾಫ್‌ಗೆ ನಾಚಿಕೆ ಎಂಬುದು ಹತ್ತಿರ ಸುಳಿಯಲಿಲ್ಲ. ಮುಂದಿನ ಸಭೆಯಲ್ಲಿ, ಮಾದರಿಯ ನೆರವಿನಿಂದ ಹುದುಗಿದ ವಾಲ್ವನ್ನು ನಾವು ಪತ್ತೆಹಚ್ಚಿದೆವು ಎಂದು ಶುರುಮಾಡಿದ.

"ನಾವು ಅಂದ್ರೆ ಯಾರು ಡಾಕ್ಟ್ರೇ?" ವಿಜ್ದಾನ್ ಕೂತಲ್ಲಿಂದಲೇ ಕೇಳಿದಳು. "ಅಳೆದೋರಾ, ನೆನೆದೋರಾ?"

ನಿರ್ದೇಶಕರು ಚಹಾ ಲೋಟದೊಳಗೆ ಮುಖ ಮುಚ್ಚಿಕೊಂಡರು. ಆದರೂ ಅವತ್ತೇ ತೀರ್ಮಾನ ಹೇಳಿದರು: ಇನ್ನು ಯಾವ ಕೊಳವೆಯ ಒರಟುತನವನ್ನೂ ಕೂತಲ್ಲೇ ಬರೆಯುವಂತಿಲ್ಲ. ಡಾಕ್ಟರ್ ಖುದ್ದಾಗಿ ವಿಜ್ದಾನ್ ಜೊತೆ ಬೀದಿಗೆ ಹೋಗಿ ಅಳೆದು ಬರಬೇಕು.

ಅಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರದಿಂದ ಅವನು ಅವಳ ಹಿಂದೆ ಏರು ಹತ್ತತೊಡಗಿದ, ಏದುಸಿರು ಬಿಡುತ್ತ. ಮೊದಲ ನಲ್ಲಿಗೆ ಗೇಜನ್ನು ಉಲ್ಟಾ ಹಿಡಿದ. ವಿಜ್ದಾನ್ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಸರಿಯಾಗಿ ತಿರುಗಿಸಿ, ಮತ್ತೆ ಅವನ ಕೈಗೇ ಇಟ್ಟಳು.