ಮೂರು ಹಸಿರು ಚುಕ್ಕಿ

ಗಾಜಿನ ಗೋಡೆಯಿಂದ ಹಳೆಯ ಚೀಟಿಗಳನ್ನು ಒಂದೊಂದಾಗಿ ಕಿತ್ತೆ. ಅಂಟು ಉಳಿದ ಕಡೆ ಉಗುರಿನಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೂರು ಗಂಟೆಯ ಸಭೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಆಚೆ ಆರು ಜನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಗೋಡೆ ಒರೆಸು ಎಂದು ನನಗೆ ಯಾರೂ ಹೇಳಿದ್ದಲ್ಲ. ಒರೆಸುವಾಗ ಯಾರ ಜೊತೆಗೂ ಮಾತಾಡಬೇಕಿಲ್ಲ, ಅದಕ್ಕೇ ಆ ಕೆಲಸ ನನಗೆ ಒಗ್ಗಿತ್ತು.

ನನ್ನ ನಿಜವಾದ ಕೆಲಸ ಪರೀಕ್ಷೆ ಮಾಡುವುದು. ಆಸ್ಪತ್ರೆಯ ವಾರ್ಡಿನಲ್ಲಿ ಯಾವ ಹಾಸಿಗೆಗೆ ಯಾವ ಔಷಧ ಕೊಟ್ಟಾಯಿತು ಎಂದು ನರ್ಸುಗಳು ಟ್ಯಾಬ್ಲೆಟ್‌ನಲ್ಲಿ ಗುರುತು ಹಾಕುವ ಸಾಫ್ಟ್‌ವೇರನ್ನು ನಮ್ಮ ತಂಡ ಮಾಡುತ್ತಿತ್ತು. ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ನಾಲ್ಕು ವರ್ಷ ವಾರ್ಡಿನಲ್ಲಿ ಆಯಾ ಆಗಿದ್ದವಳು. ವಾರ್ಡು ಗೊತ್ತಿರುವವರು ಒಬ್ಬರು ಬೇಕೆಂದು ತಂಡ ನಡೆಸುವ ಮೇಡಂ ನನ್ನನ್ನು ಸೇರಿಸಿಕೊಂಡರು. ಅಂದಿನಿಂದ ಎಲ್ಲರಿಗೂ ನಾನು ‘ಸಿಸ್ಟರ್’. ಆಯಾಗೆ ಯಾರೂ ಸಿಸ್ಟರ್ ಅನ್ನುವುದಿಲ್ಲ ಎಂದು ತಿದ್ದಲು ನನಗೆ ಬಾಯಿ ಬರಲಿಲ್ಲ.

ಎರಡು ವಾರದ ಹಿಂದೆ ಒಂದು ತಪ್ಪು ಕಂಡಿತು. ಆಫೀಸಿನ ಲಿಫ್ಟಿನಲ್ಲಿ ಬರುತ್ತ ಪರೀಕ್ಷೆಗೆಂದು ಒಂಬತ್ತನೇ ಹಾಸಿಗೆಗೆ ‘ಕೊಟ್ಟಾಯಿತು’ ಎಂದು ಹಸಿರು ಗುರುತು ಹಾಕಿದ್ದೆ. ಇಳಿದು ನೋಡಿದರೆ ಅದು ಮತ್ತೆ ಕೆಂಪಾಗಿತ್ತು, ಅಂದರೆ ‘ಇನ್ನೂ ಕೊಟ್ಟಿಲ್ಲ’. ಆಮೇಲೆ ಎಷ್ಟು ಸಲ ಮಾಡಿದರೂ ಹಾಗಾಗಲಿಲ್ಲ. ಹಿರಿಯ ಪ್ರೋಗ್ರಾಮರ್‌ಗೆ ಹೇಳಿದೆ. ಅವರಿಗೆ ಎಲ್ಲರೂ ‘ಮುಗೀತು ಸರ್’ ಎನ್ನುತ್ತಾರೆ. ಯಾವ ಕೆಲಸದ ಬಗ್ಗೆ ಕೇಳಿದರೂ ಅವರ ಉತ್ತರ ‘ಮುಗೀತು’ ಅನ್ನುವುದೊಂದೇ.

“ನನ್ನ ಹತ್ರ ಚೆನ್ನಾಗೇ ಓಡ್ತಿದೆಯಲ್ಲ ಸಿಸ್ಟರ್. ಇನ್ನೊಂದ್ಸಲ ಆ ತಪ್ಪು ಬರಿಸಿ ತೋರ್ಸಿ, ನೋಡೋಣ,” ಎಂದರು.

ಬರಿಸುವುದು ಹೇಗೆಂದು ತಿಳಿಯಲು ಐದು ದಿನ ಹಿಡಿಯಿತು. ಆವತ್ತು ನಾನು ಲಿಫ್ಟಿನಲ್ಲಿದ್ದಾಗ, ವಿನ್ಯಾಸ ಮಾಡುವ ಹುಡುಗಿ ಬಣ್ಣ ನೋಡಲೆಂದು ನನ್ನ ಮೇಜಿನ ಎರಡನೇ ಟ್ಯಾಬ್ಲೆಟ್ ಎತ್ತಿಕೊಂಡು ಅದೇ ಹಾಸಿಗೆಯ ಪುಟ ತೆರೆದಿದ್ದಳಂತೆ. ಲಿಫ್ಟಿನೊಳಗೆ ಸಿಗ್ನಲ್ ಇಲ್ಲ. ಒಳಗಿರುವವರು ಗುರುತು ಹಾಕಿ, ಬಾಗಿಲು ತೆರೆಯುವ ಗಳಿಗೆಗೆ ಸರಿಯಾಗಿ ಹೊರಗಿರುವವರು ಅದೇ ಪುಟವನ್ನು ಒತ್ತಿದರೆ ಒಳಗಿನವರ ಗುರುತು ಅಳಿಸಿಹೋಗುತ್ತದೆ. ನಾವಾಗಿ ಸಿಗ್ನಲ್ ನಿಲ್ಲಿಸಿದರೆ ಹಾಗಾಗುವುದಿಲ್ಲ, ಅದು ತಾನಾಗಿ ಹೋಗಿ ತಾನಾಗಿ ಬರಬೇಕು.

ಒಬ್ಬಳೇ ಮಾಡಿ ನೋಡಿದೆ. ಒಂದು ಟ್ಯಾಬ್ಲೆಟನ್ನು ಲಿಫ್ಟಿನ ಹೊರಗೆ ಸ್ಟೂಲಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ಕೆಳಗೆ ಹೋಗಿ ಮೇಲೆ ಬಂದೆ. ಬಾಗಿಲು ಸರಿದು ನಾನು ಸ್ಟೂಲಿನತ್ತ ಕೈ ಚಾಚುವಷ್ಟರಲ್ಲಿ ಸಿಗ್ನಲ್ ಬಂದುಬಿಟ್ಟಿರುತ್ತಿತ್ತು. ಹನ್ನೊಂದನೇ ಸಲಕ್ಕೆ ಬಾಗಿಲ ಬಳಿಯ ಸೆಕ್ಯೂರಿಟಿಯವನು ಕೇಳಿದ:

“ಏನಮ್ಮಾ, ಬೆಳಗಿಂದ ಒಬ್ಬಳೇ ಮೇಲೆ ಕೆಳಗೆ ಓಡಾಡ್ತಿದೀಯ. ಏನಾದ್ರೂ ಕಳ್ಕೊಂಡ್ಯಾ?”

ಅವನ ಕೈಗೇ ಒಂದು ಟ್ಯಾಬ್ಲೆಟ್ ಕೊಡೋಣವೆಂದರೆ ತಂಡದ ಹೊರಗಿನವರು ಅದನ್ನು ಮುಟ್ಟುವಂತಿಲ್ಲ, ಅದರಲ್ಲಿ ರೋಗಿಗಳ ಹೆಸರುಗಳಿವೆ. ತಂಡದವರನ್ನು ಕೇಳಿದರೆ, “ಇದೊಂದು ಮುಗಿಸ್ಕೊಂಡು ಬಂದೆ ಸಿಸ್ಟರ್,” ಎಂದರು. ಯಾರೂ ಬರಲಿಲ್ಲ. ಯಾವ ಕೆಲಸ ಎಲ್ಲಿಗೆ ಬಂತೆಂದು ಗುರುತಿಸುವ ಇನ್ನೊಂದು ಗೋಡೆಯ ಮೇಲೆ, ‘ಪರೀಕ್ಷೆ’ ಸಾಲಿನಲ್ಲಿದ್ದ ಈ ತಪ್ಪಿನ ಚೀಟಿಯನ್ನು ಯಾರೋ ‘ಮುಗಿಯಿತು’ ಸಾಲಿಗೆ ದಾಟಿಸಿದ್ದರು.

ಶುಕ್ರವಾರ ಸಾಫ್ಟ್‌ವೇರಿನ ಬಿಡುಗಡೆ. ಸೋಮವಾರದಿಂದ ಅದು ಮೊದಲು ಓಡುವುದು ನನ್ನ ಚಿಕ್ಕಮ್ಮ ನರ್ಸಾಗಿರುವ ವಾರ್ಡಿನಲ್ಲಿ. ಬುಧವಾರ ಊಟದ ಹೊತ್ತಿಗೆ ಅವಳಿಗೆ ಫೋನಿನಲ್ಲಿ ಹೇಳಿದೆ.

“ಕೆಂಪು ಕಂಡ್ರೆ ನಾವು ಔಷಧ ಕೊಡ್ತೀವಿ ಕಣೇ. ಕೆಂಪು ಇಟ್ಟಿರೋದೇ ಅದಕ್ಕಲ್ವಾ? ಎರಡು ಸಲ ಕೊಟ್ಟು ಏನಾದ್ರೂ ಆದ್ರೆ ನಿಮ್ಮ ಆಫೀಸಿನೋರ ತಲೆಗೆ ಬರಲ್ಲ, ನನ್ನ ತಲೆಗೆ ಬರುತ್ತೆ. ಹೋಗಿ ಹೇಳು. ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತ್ಕೋಬೇಡ.”

ನಮ್ಮಲ್ಲಿ ಎರಡು ವಾರದ ಕೆಲಸಕ್ಕೆ ಸ್ಪ್ರಿಂಟ್ ಎನ್ನುತ್ತಾರೆ. ಪ್ರತಿ ಸ್ಪ್ರಿಂಟಿನ ಕೊನೆಗೆ ಎಲ್ಲಿ ಎಡವಿದೆವೆಂದು ಎಲ್ಲರೂ ಹೆಸರು ಹಾಕದೆ ಚೀಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಆಮೇಲೆ ಒಬ್ಬೊಬ್ಬರಿಗೆ ಮೂರು ಹಸಿರು ಚುಕ್ಕಿ. ಯಾವುದು ಮುಖ್ಯ ಅನ್ನಿಸುತ್ತದೋ ಅದಕ್ಕೆ ಹಚ್ಚಬೇಕು. ಮೂರಾದರೂ ಚುಕ್ಕಿ ಬಿದ್ದ ಚೀಟಿಗಳ ಬಗ್ಗೆ ಮಾತ್ರ ಮಾತು.

ಗುರುವಾರ ಮೂರು ಗಂಟೆಯ ಆ ಸಭೆಯಲ್ಲಿ ನಾನು ಬರೆದೆ: ‘ಒಂಬತ್ತನೇ ಹಾಸಿಗೆಯ ತಪ್ಪನ್ನು ಎರಡು ಟ್ಯಾಬ್ಲೆಟ್ ಇಟ್ಟು ನೋಡದೆ ಬಿಡುಗಡೆ ಮಾಡಬಾರದು.’ ಎಲ್ಲರೂ ಹಚ್ಚಿ ಕೂರುವ ತನಕ ಕಾದೆ. ನನ್ನ ಚೀಟಿಯ ಮೇಲೆ ಒಂದೂ ಇರಲಿಲ್ಲ. ಎಲ್ಲರೂ ಫೋನು ನೋಡುತ್ತಿದ್ದಾಗ ನನ್ನ ಮೂರನ್ನೂ ಅದಕ್ಕೇ ಹಚ್ಚಿ, ಬಂದು ಕೂತೆ.

“ಅರೆ, ಇದಕ್ಕೆ ಮೂರಿದೆ,” ಎಂದರು ಮೇಡಂ. ಓದಿದರು. ಮತ್ತೊಮ್ಮೆ ಓದಿದರು. “ಮೂರು ಜನಕ್ಕೆ ಅನ್ನಿಸಿದೆ ಅಂದ್ಮೇಲೆ ನಾಳೆ ಬಿಡುಗಡೆ ತಡೆದಾದ್ರೂ ನೋಡ್ಬೇಕಲ್ವಾ?”

ಮುಗೀತು ಸರ್ ಕುರ್ಚಿಯಲ್ಲಿ ನೆಟ್ಟಗಾದರು. “ಮೂರು ಜನ ಅಂದ್ರೆ ಏನೋ ಇದೆ. ಯಾರ್ಯಾರು? ಬನ್ನಿ, ಈಗ್ಲೇ ಕೂತು ಬರಿಸೋಣ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವಿನ್ಯಾಸದ ಹುಡುಗಿ ನನ್ನತ್ತ ತಿರುಗಿ ನಕ್ಕಳು. ಅರೆಗಳಿಗೆ ಮೂರೂ ನನ್ನವೇ ಎಂಬುದನ್ನು ಮರೆತು ನಾನೂ ಆ ಇನ್ನಿಬ್ಬರು ಯಾರಿರಬಹುದೆಂದು ಹುಡುಕಿದೆ. ಕಿಟಕಿಯ ಹತ್ತಿರ ಕೂತವರು ಒಬ್ಬರಿರಬಹುದು, ಇನ್ನೊಬ್ಬರು ಅವಳೇ ಇರಬಹುದು ಅನ್ನಿಸಿತು.

“ಹೇಳಿ ಪರವಾಗಿಲ್ಲ,” ಎಂದರು ಮೇಡಂ. “ಇಲ್ಲಿ ಯಾರೂ ಯಾರನ್ನೂ ತಿನ್ನಲ್ಲ.”

ಕೈ ಎತ್ತಿದೆ. ಉಳಿದ ಎರಡು ಕೈಗಾಗಿ ಎಲ್ಲರೂ ಕಾದರು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಎಲ್ಲರೂ ಒಬ್ಬರನ್ನೊಬ್ಬರು ಅನುಮಾನಿಸುತ್ತ ಕೂರುವುದನ್ನು ನೋಡಲಾಗಲಿಲ್ಲ.

“ಮೂರೂ ನಾನೇ ಹಚ್ಚಿದ್ದು,” ಎಂದೆ.

“ಒಳ್ಳೆ ಕಳ್ಳ ಓಟು ಸಿಸ್ಟರ್,” ಎಂದು ಮುಗೀತು ಸರ್ ನಕ್ಕರು. ಉಳಿದವರೂ ನಕ್ಕರು. ಯಾರ ನಗುವಿನಲ್ಲೂ ಕೆಟ್ಟದ್ದಿರಲಿಲ್ಲ.

“ತಪ್ಪೇನಿಲ್ಲ ಬಿಡಿ, ಹಾಗೂ ಹಚ್ಬಹುದು,” ಎಂದರು ಮೇಡಂ. “ಆದ್ರೆ ಇದು ಒಬ್ಬರಿಗೆ ಅನ್ನಿಸಿದ್ದು ಅಂತಾಯ್ತು. ಮುಂದಿನ ಸ್ಪ್ರಿಂಟಲ್ಲಿ ನೋಡೋಣ.”

ಮುಂದಿನದು ಐದು ಚುಕ್ಕಿ ಬಿದ್ದ ಕಾಫಿ ಯಂತ್ರದ ಚೀಟಿ. ಹಾಲು ಸೋರುತ್ತದೆ ಎನ್ನುವುದರ ಬಗ್ಗೆ ಕಾಲು ಗಂಟೆ ಮಾತಾಯಿತು. ಕೊನೆಗೆ ಮೇಡಂ ಎದ್ದು, “ಗುಣಮಟ್ಟ ಎಲ್ಲರ ಜವಾಬ್ದಾರಿ, ಮರೀಬೇಡಿ,” ಎಂದರು. ಲ್ಯಾಪ್‌ಟಾಪುಗಳು ಮುಚ್ಚಿಕೊಂಡವು. ಕುರ್ಚಿಗಳು ಹಿಂದೆ ಸರಿದವು.

“ಐದು ನಿಮಿಷ ಯಾರಾದ್ರೂ ಲಿಫ್ಟ್ ತನಕ ಬರ್ತೀರಾ?” ಎಂದು ಕೇಳಿದೆ.

ಕುರ್ಚಿಗಳ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಮುಗೀತು ಸರ್ ಫೋನು ನೋಡುತ್ತಿದ್ದರು. ವಿನ್ಯಾಸದ ಹುಡುಗಿ ಒಂದು ಕಿವಿಗೆ ಆಗಲೇ ಹೆಡ್‌ಫೋನ್ ಏರಿಸಿದ್ದಳು. ಸದ್ದು ನಿಲ್ಲುವ ತನಕ ಕಾದು, ನನ್ನ ಮಟ್ಟಿಗೆ ಜೋರು ಎನ್ನುವಷ್ಟು ಜೋರಾಗಿ ಮತ್ತೆ ಕೇಳಿದೆ.

“ಒಬ್ಬರು ಸಾಕು. ಬಾಗಿಲ ಹತ್ರ ನಿಂತು ಇನ್ನೊಂದು ಟ್ಯಾಬ್ಲೆಟ್ ಹಿಡ್ಕೊಳ್ತೀರಾ?”